ಬಾಜೂ ಮನೆಯ ಕೊರತೆ

ನಮ್ಮ ತೆಪ್ಪದಹಾಳ ಆ ಹುಡುಗಿಗೆ ಸುಳ್ಳು ಹೇಳಿತು. ಒಬ್ಬರಲ್ಲ, ಇಬ್ಬರಲ್ಲ, ಊರಿಗೆ ಊರೇ ನಗುನಗುತ್ತ, ಚಹಾ ಕುಡಿಸುತ್ತ, ಒಗ್ಗರಣೆ ಅವಲಕ್ಕಿ ತಿನ್ನಿಸುತ್ತ ಸುಳ್ಳು ಹೇಳಿತು. ಇದೇ ಊರಿನ ಮಕ್ಕಳಿಗೆ ‘ಖರೆ ಮಾತಾಡ್ರಿ’ ಎಂದು ಬೆತ್ತ ಹಿಡಿದು ಕಲಿಸಿದವಳು ನಾನು, ಯಮುನಾಬಾಯಿ ಅಕ್ಕೋರು. ನಾನೂ ಹೇಳಿದೆ.

ಹುಡುಗಿಯ ಹೆಸರು ಹರ್ಷಾ. ಹುಬ್ಬಳ್ಳಿಯವಳು. ನೆರೆ ಬಂದೋ, ಮಳೆ ಹೋಗಿಯೋ, ಗಣಿಯ ಧೂಳು ಕೂತೋ ಕೆಟ್ಟುಹೋದ ಊರುಗಳಿಗೆ ಒಂದೊಂದು ಕೆಲಸ ಮಾಡಿಕೊಡಲು ಹಣ ಹಾಕುವ ಟ್ರಸ್ಟೊಂದು ಗದಗಿನಲ್ಲಿ ಕಚೇರಿ ತೆರೆದಿತ್ತು. ಊರೂರು ತಿರುಗಿ, ಎಲ್ಲಿ ಏನು ಕೊರತೆ ಎಂದು ಕೇಳಿ ತಿಳಿಯುವುದು ಅವಳ ನೌಕರಿ. ಬೆಳ್ಳಟ್ಟಿಗೆ ಹೋಗಿಬಂದಿದ್ದಳಂತೆ, ಶಿಗ್ಲಿಗೂ ಹೋಗಿದ್ದಳಂತೆ. ಕೊನೆಗೆ ಮುಂಡರಗಿ ದಾಟಿ ಹೊಳೆದಂಡೆಯ ನಮ್ಮಲ್ಲಿಗೆ ಬಂದಳು.

ಹೊಳೆದಂಡೆ ಅಂದೆನಲ್ಲ, ಅದು ಬಾಯಿಚಟ. ದಂಡೆಯಲ್ಲಿದ್ದದ್ದು ಹಳೆಯ ಊರು. ಆರು ವರ್ಷದ ಹಿಂದೆ ಶ್ರಾವಣದಲ್ಲಿ ತುಂಗಭದ್ರೆ ಊರೊಳಗೆ ಬಂದಳು. ಬಂದವಳು ಹೋಗಲೊಲ್ಲಳು. ನಾವು ಗುಡ್ಡದ ಮೇಲೆ ನಿಂತು ನೋಡುತ್ತಿದ್ದಂತೆ ಮಣ್ಣಿನ ಗೋಡೆಗಳು ಒಂದರ ಹಿಂದೊಂದು ಕೂತುಬಿಟ್ಟವು. ಜೀವ ಉಳಿದವು, ಊರು ಉಳಿಯಲಿಲ್ಲ. ಆಮೇಲೆ ಮೇಲಿನ ಬಯಲಿನಲ್ಲಿ ಸಾಲುಸಾಲಾಗಿ ಮನೆ ಕಟ್ಟಿಸಿ, ಚೀಟಿ ಎತ್ತಿ ಹಂಚಿದರು. ಹೊಸ ತೆಪ್ಪದಹಾಳ ಎಂದು ಬೋರ್ಡೂ ಇದೆ. ನಾವು ಯಾರೂ ಹಾಗನ್ನುವುದಿಲ್ಲ, ಪ್ಲಾಟು ಅನ್ನುತ್ತೇವೆ. ಚೀಟಿಯಲ್ಲಿ ನನಗೆ ಮೊದಲ ಸಾಲು ಬಂತು, ಅಲ್ಮಾಸಬಿಗೆ ಕಟ್ಟಕಡೆಯ ಸಾಲು.

ಹಳೆಯ ಓಣಿಯಲ್ಲಿ ನಮ್ಮ ಮನೆ, ಅಲ್ಮಾಸಬಿಯ ಮನೆ ಒಂದೇ ಗೋಡೆಗೆ ಬೆನ್ನು ಹಚ್ಚಿಕೊಂಡಿದ್ದವು. ನಮ್ಮ ಯಜಮಾನರು, ಶ್ರೀಪಾದ, ಹನಮಪ್ಪನ ಗುಡಿಯ ಪೂಜೆ ಮಾಡುತ್ತಿದ್ದರು. ಅವಳ ಗಂಡ ಲಾಡಸಾಬ ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಇಬ್ಬರೂ ಈಗಿಲ್ಲ. ನಮ್ಮ ಅತ್ತೆಯ ಮಡಿಯೋ, ಅಬ್ಬಬ್ಬಾ! ಲಾಡಸಾಬ ಕಲಾಯಿ ಹಾಕಿಕೊಟ್ಟ ಪಾತ್ರೆಯಲ್ಲಿ ಬೆಂದ ಅನ್ನ ಹನಮಪ್ಪನ ನೈವೇದ್ಯಕ್ಕೆ ನಡೆಯುತ್ತಿತ್ತು, ಲಾಡಸಾಬನ ಮನೆಯ ನೀರು ಮಾತ್ರ ನಡೆಯುತ್ತಿರಲಿಲ್ಲ. ಅದು ಹೇಗೆ ಎಂದು ಕೇಳಿದರೆ, “ನೀ ಸಾಲಿ ಕಲಿಸಾಕಿ, ನಿನಗೇನ್ ತಿಳೀತೈತಿ” ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದರು.

ನಡುಗೋಡೆಯಲ್ಲಿ ದೀಪ ಇಡುವ ಒಂದು ಗೂಡಿತ್ತು. ಅದರ ಹಿಂದಿನ ಮಣ್ಣು ತಾನೇ ಉದುರಿ ಕಿಂಡಿಯಾಯಿತೋ, ನಾವಿಬ್ಬರೂ ಎರಡೂ ಕಡೆಯಿಂದ ಕೆರೆದು ಮಾಡಿದೆವೋ, ಆ ಮಾತು ಈಗ ಬೇಡ. ಅತ್ತೆ ಮಧ್ಯಾಹ್ನ ಅಡ್ಡಾದರೆಂದರೆ ನನ್ನ ಕಡೆಯಿಂದ ಹೋಳಿಗೆ ಹೋಗುತ್ತಿತ್ತು, ಅವಳ ಕಡೆಯಿಂದ ರಮಜಾನದ ಶಾವಿಗೆ ಪಾಯಸ, ಸುರಕುಂಬಾ ಬರುತ್ತಿತ್ತು. ಅವಳ ಮಗ ಇಜಾಜನ ಕೈ ಹಿಡಿದು ಅಕ್ಷರ ತಿದ್ದಿಸಿದವಳು ನಾನು. ನನ್ನ ಸಂಜೀವನಿಗೆ ಬಾಲಗ್ರಹ ಎಂದು ಎಲ್ಲರೂ ಹೆದರಿ ಕೂತಾಗ, ಎತ್ತಿಕೊಂಡು ಮುಂಡರಗಿ ದವಾಖಾನೆಗೆ ಓಡಿದವಳು ಅವಳು. ಒಬ್ಬರ ಮನೆಯ ಒಗ್ಗರಣೆ ಚಟಪಟ ಅಂದರೆ ಇನ್ನೊಬ್ಬರಿಗೆ ಪಲ್ಯ ಯಾವುದೆಂದು ಗೊತ್ತಾಗುತ್ತಿತ್ತು. ಒಲೆ ಹೊತ್ತದಿದ್ದರೂ ಗೊತ್ತಾಗುತ್ತಿತ್ತು. ಗೊತ್ತಾದರೆ ಯಾರೂ ಏನೂ ಕೇಳುತ್ತಿರಲಿಲ್ಲ, ಕಿಂಡಿಯಲ್ಲಿ ನಾಲ್ಕು ರೊಟ್ಟಿ ಬಂದು ಕೂತಿರುತ್ತಿದ್ದವು.

ಪ್ಲಾಟಿನ ಮನೆಗಳಿಗೆ ಸಿಮೆಂಟಿನ ಗೋಡೆ. ಬಾಜೂದವರು ಬದುಕಿದ್ದಾರೋ ಇಲ್ಲವೋ ತಿಳಿಯುವುದಿಲ್ಲ. ಬೋರು ಕೊರೆದಿದ್ದಾರೆ, ನೀರೂ ಬಿದ್ದಿದೆ, ಆದರೆ ಸವಳು. ಬೇಳೆ ಹಾಕಿದರೆ ಬೇಯುವುದಿಲ್ಲ, ಕುಡಿದರೆ ಗಂಟಲಿಗೆ ಇಳಿಯುವುದಿಲ್ಲ. ಸಿಹಿನೀರು ಬೇಕೆಂದರೆ ಇಳಿಜಾರು ಇಳಿದು, ಹಳೆಯ ಊರಿನ ಅಂಚಿನಲ್ಲಿ ಉಳಿದಿರುವ ಒಂದೇ ಒಂದು ನಳಕ್ಕೆ ಹೋಗಬೇಕು. ಇಳಿಯುವಾಗ ಕೊಡ ಖಾಲಿ, ಏರುವಾಗ ತುಂಬಿದ್ದು. ಅಲ್ಮಾಸಬಿಯ ಮೊಣಕಾಲುಗಳು ಕೈಕೊಟ್ಟ ಮೇಲೆ ನಾನೇ ನಸುಕಿನಲ್ಲಿ ಎದ್ದು ಎರಡು ಸಲ ಹೋಗುತ್ತೇನೆ. ಒಂದು ಕೊಡ ನನಗೆ, ಒಂದು ಅವಳಿಗೆ. ಅವಳ ಕಟ್ಟೆಯ ಮೇಲೆ ಇಳಿಸಿ, ಕದ ಬಡಿದು, “ಎದ್ದೇಳವಾ, ನವಾಬರ ಮಗಳ” ಎಂದು ಬೈದು ಬರುವುದು ರೂಢಿ. ನನ್ನ ಬೆನ್ನೂ ಏನು ಗಟ್ಟಿಯಿಲ್ಲ. ಆದರೆ ಅದನ್ನು ಯಾರ ಮುಂದೆ ಹೇಳಿಕೊಳ್ಳಲಿ?

ಈ ಬೇಸಿಗೆಯ ಒಂದು ದಿನ ಅವಳು ಮೆಲ್ಲಗೆ ಮಾತು ತೆಗೆದಳು.

“ಯಮುನಾ, ನಾ ಇಜಾಜನ ಕಡೆ ಹೊಂಟೀನಿ.”

ಇಜಾಜ ಗದಗಿನ ಮಗ್ಗುಲಿನ ಮಲ್ಲಸಮುದ್ರದಲ್ಲಿ ಗ್ಯಾರೇಜು ಇಟ್ಟು ಮನೆ ಕಟ್ಟಿದ್ದಾನೆ. ಸೊಸೆ ಅಸ್ಮಾ ಬಂಗಾರದಂಥ ಹುಡುಗಿ.

“ಎಷ್ಟ ದಿನಾ?” ಎಂದೆ.

“ಇನ್ನ ಅಲ್ಲೇ. ಅಡಗಿ ಮನ್ಯಾಗ ನಳ ಐತಿ ನೋಡು. ತಿರುವಿದ್ರ ನೀರು.”

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. “ಹೋಗ್, ಹೋಗು. ನಳದ ಬಾಯಿಗೆ ಬಾಯಿ ಹಚ್ಚಿ ಕುಂಡ್ರು” ಎಂದು ಎದ್ದು ಬಂದುಬಿಟ್ಟೆ. ಮನೆಗೆ ಬಂದು ಅತ್ತುಬಿಟ್ಟೆ. ನನ್ನ ಸಂಜೀವ ಲಕ್ಷ್ಮೇಶ್ವರದಲ್ಲಿ ಮಾಸ್ತರ, ಬಾ ಬಾ ಎಂದು ಕರೆಯುತ್ತಾನೆ. ಅಲ್ಲಿ ಎರಡು ದಿನಕ್ಕೆ ನನ್ನ ತಾಳ್ಮೆ ಮುಗಿಯುತ್ತದೆ, ಸೊಸೆಯದು ಒಂದೂವರೆ ದಿನಕ್ಕೆ. ನನಗೆ ಊರು ಅಂತ ಉಳಿದಿದ್ದೇ ಅಲ್ಮಾಸಬಿ. ಒಂದು ನಳದ ಸಲುವಾಗಿ ಅವಳು ನನ್ನನ್ನು ಬಿಟ್ಟು ಹೋಗುತ್ತಾಳೆ ಎಂದರೆ ಹೊಟ್ಟೆ ಉರಿಯುವುದಿಲ್ಲವೇ?

ಅದೇ ವಾರ ಹರ್ಷಾ ಬಂದಳು. ನನಗೆ ದೇವರೇ ಬಂದಂತಾಯಿತು. ಟ್ರಸ್ಟಿನವರು ಹೊಳೆಯಿಂದ ಸಿಹಿನೀರಿನ ಪೈಪು ಎಳೆಸಿದರೆ ಅಲ್ಮಾಸಬಿಯ ಬಾಗಿಲಲ್ಲೂ ಒಂದು ನಳ ನಿಲ್ಲುತ್ತದೆ, ಅವಳ ಟ್ರಂಕು ಒಳಗೇ ಉಳಿಯುತ್ತದೆ. ಊರಿನ ಉದ್ಧಾರ ಎಂದು ನಾನು ಬಾಯಲ್ಲಿ ಹೇಳಿಕೊಂಡು ತಿರುಗಿದೆ. ಒಳಗಿದ್ದ ಲೆಕ್ಕ ಇಷ್ಟೇ.

ಆದರೆ ನಮ್ಮ ಮಂದಿ ಎಂಥವರು ಎಂಬುದನ್ನು ಮರೆತಿದ್ದೆ. ಬಂದವರ ಮುಂದೆ ‘ಇಲ್ಲ’ ಎನ್ನುವ ಮಾತು ನಮ್ಮ ಬಾಯಿಗೆ ಹೊರಳುವುದೇ ಇಲ್ಲ. ಹರ್ಷಾ ಮುಂಬಾಗಿಲಿನಿಂದ ಒಂದು ಮನೆ ಬಿಟ್ಟಳೆಂದರೆ, ಸಾವಂತ್ರೆವ್ವನ ಹೊಸ ಜಮಖಾನೆ ಹಿತ್ತಲ ಬಾಗಿಲಿನಿಂದ ಮುಂದಿನ ಮನೆಗೆ ಓಡುತ್ತಿತ್ತು. ಅದರ ಹಿಂದೆ ಅವಳದೇ ಸ್ಟೀಲಿನ ತಾಟು. ಹುಡುಗಿ ಪಾಪ, ಒಂದೇ ಜಮಖಾನೆಯ ಮೇಲೆ ಊರೆಲ್ಲ ಕೂತು ಎದ್ದಳು. ಹುಚ್ಚಪ್ಪನ ಮನೆಯಲ್ಲಿ “ಏನು ತೊಂದರಿ ಐತ್ರಿ ಕಾಕಾ?” ಎಂದು ಕೇಳಿದರೆ ಅವನು ಮೀಸೆ ತಿರುವಿ, “ನಮಗೇನ್ ಕಡಿಮಿ ಐತಿ ತಂಗಿ? ದೇವರು ಚಲೋ ಇಟ್ಟಾನ” ಎಂದ. ಅವನ ಮನೆಯಲ್ಲಿ ಆ ಹೊತ್ತಿಗೆ ಚಹಾಪುಡಿ ಕೂಡ ಕಡವಾಗಿ ತಂದದ್ದು.

ಎಲ್ಲಕ್ಕಿಂತ ಕೆಟ್ಟ ಕೆಲಸ ನೀರಿನದು. ಬಿಸಿಲಲ್ಲಿ ಬಂದವರಿಗೆ ಸವಳು ನೀರು ಕೊಡಲು ಯಾರಿಗೆ ಮನಸ್ಸು ಬಂದೀತು? ಎಲ್ಲರೂ ನಸುಕಿನಲ್ಲೇ ನಳಕ್ಕೆ ಹೋಗಿ ಸಿಹಿನೀರು ಹೊತ್ತು ತಂದು ಅವಳಿಗೆಂದು ಎತ್ತಿಟ್ಟಿದ್ದರು. ಹೋದ ಮನೆಯಲ್ಲೆಲ್ಲ ಅವಳು ತಣ್ಣನೆಯ ಹೊಳೆ ನೀರು ಕುಡಿದಳು. ನನ್ನ ಮನೆಗೆ ಬಂದಾಗ ನಾನು ಹೇಳಬೇಕೆಂದೇ ಕೂತಿದ್ದೆ. ಆದರೆ ಹಸಿದ ಹುಡುಗಿ ತಾಟು ಹಿಡಿದು ಕೂತಾಗ ಕೊರತೆಯ ಪುರಾಣ ತೆಗೆಯುವುದು ಹೇಗೆ? ತಿಂದು ಮುಗಿಸಲಿ ಎಂದು ಕಾದೆ.

“ನೀರಿಂದು ಹೆಂಗ್ರಿ ಅಜ್ಜಿ?” ಎಂದು ಅವಳೇ ಕೇಳಿದಳು. ಅಜ್ಜಿಯಂತೆ!

“ನಡೀತೈತಿ, ಮೊದಲ ತಿನ್ನವಾ, ಆರಿ ಹೋಗ್ತೈತಿ” ಎಂದೆ.

ಅಷ್ಟರಲ್ಲಿ ಜೀಪಿನವನು ಹಾರ್ನು ಹೊಡೆದ. ಅವಳು ಕೈ ತೊಳೆದು, “ನಿಮ್ಮೂರ ನೀರು ಭಾಳ ಸವಿ ಐತ್ರಿ” ಎಂದು ಹೊರಟೇಹೋದಳು.

ಹದಿನೈದು ದಿನಕ್ಕೆ ಖಬರು ಬಂತು. ತೆಪ್ಪದಹಾಳದಲ್ಲಿ ಹೇಳಿಕೊಳ್ಳುವಂಥ ಕೊರತೆಯಿಲ್ಲ, ಆ ಹಣ ಶಿರಹಟ್ಟಿ ಕಡೆಯ ಬೇರೊಂದು ಊರಿಗೆ ಹೋಗುತ್ತದೆ ಎಂದು. ಇತ್ತ ಇಜಾಜ ಬರುವ ಶುಕ್ರವಾರ ಟೆಂಪೋ ತರುತ್ತೇನೆ ಎಂದು ತಾಯಿಗೆ ಫೋನು ಮಾಡಿದ್ದ.

ಮರುದಿನವೇ ನಾನು ಗದಗಿನ ಬಸ್ಸು ಹತ್ತಿದೆ. ಕಚೇರಿಯಲ್ಲಿ ಹರ್ಷಾ ಕುರ್ಚಿ ಕೊಟ್ಟಳು, ನಾನು ಕೂಡಲಿಲ್ಲ.

“ನಮ್ಮೂರಾಗ ನೀರಿಲ್ಲವಾ!” ಎಂದೆ. ದನಿ ಕಚೇರಿಯ ಆಚೆಗೂ ಕೇಳಿರಬೇಕು.

“ನಾ ಮನಿ ಮನ್ಯಾಗ ಕುಡದೀನಲ್ರಿ?”

“ಅದು ನಿನ್ನ ಸಲುವಾಗಿ ಹೊತ್ತ ತಂದ ನೀರು. ನಾವು ಕುಡಿಯೂದು ಸವಳು.”

ಅವಳು ಕಣ್ಣು ಕಣ್ಣು ಬಿಟ್ಟಳು. “ಹಂಗಾದ್ರ ಒಬ್ಬರರೆ ಯಾಕ ಹೇಳಲಿಲ್ರಿ?”

“ನಿಮ್ಮವ್ವನ ಕೇಳು ಹೋಗು. ಬೀಗರು ಬಂದು ಕುಂತಾಗ, ನಮ್ಮನಿ ಹಿಟ್ಟಿನ ಡಬ್ಬಿ ಖಾಲಿ ಐತಿ ಅಂತಾಳೇನು ಆಕಿ?”

ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕು, ಆಮೇಲೆ ಮಾರಿ ಸಣ್ಣದು ಮಾಡಿಕೊಂಡಳು. ಮೇಲಿನವರಿಗೆ ಕಾಗದ ಹೋಗಿದೆ, ಆದರೆ ಹಣ ಇನ್ನೂ ಬಿಡುಗಡೆಯಾಗಿಲ್ಲ, ಶುಕ್ರವಾರ ಮಧ್ಯಾಹ್ನ ಒಂದು ತಾಸು ಬರಬಲ್ಲೆ, ಜನ ತಾವಾಗಿ ಬಾಯಿಬಿಟ್ಟು ಹೇಳಿದರೆ ತಡೆಯಬಹುದು ಎಂದಳು. “ನಾ ಮತ್ತ ಬಂದ್ರ ಹೇಳ್ತಾರೇನ್ರಿ?”

“ತಮ್ಮ ಮನೀದು ಹೇಳೂದಿಲ್ಲ” ಎಂದೆ. ಹಾಗೆ ಹೇಳುತ್ತಿದ್ದಂತೆಯೇ ತಲೆಯಲ್ಲಿ ದೀಪ ಹೊತ್ತಿತು. “ಬಾಜೂ ಮನೀದು ಕೇಳು. ಆಮ್ಯಾಲೆ ಬಾಯಿ ಮುಚ್ಚಸಾಕ ನಿನ್ನ ಕೈಲೆ ಆಗೂದಿಲ್ಲ.”

ಬಸ್ಸಿನಲ್ಲಿ ವಾಪಸು ಬರುವಾಗ ಖುಷಿಯಲ್ಲಿದ್ದೆ. ಡೋಣಿ ಕಡೆಯ ಗುಡ್ಡಗಳು ಕಾಣುವ ಹೊತ್ತಿಗೆ ತಣ್ಣಗಾದೆ. ಬಾಜೂ ಮನೆ ಎಲ್ಲಿದೆ ನಮಗೆ? ಚೀಟಿಯಲ್ಲಿ ಬಂದ ಬಾಜೂದವರ ಸುದ್ದಿ ಯಾರಿಗೆ ಗೊತ್ತು? ನನ್ನ ಎಡಕ್ಕಿರುವವರ ಮನೆಯಲ್ಲಿ ಇವತ್ತು ಏನು ಅಡುಗೆ ಎಂದು ನನ್ನನ್ನು ಕೇಳಿದರೆ ನಾನು ಬಾಯಿ ಬಾಯಿ ಬಿಡಬೇಕು. ಬಾಜೂದವರು ಎಂದರೆ ಹಳೆಯ ಓಣಿಯವರು.

ಶುಕ್ರವಾರ ಶಾಲೆಯ ಬಯಲಿನಲ್ಲಿ ಎಲ್ಲರನ್ನೂ ಸೇರಿಸಿದೆ. ಕೋಲಿನಿಂದ ಮಣ್ಣಿನಲ್ಲಿ ಒಂದು ಗೆರೆ ಎಳೆದೆ.

“ಇದು ಹೊಳಿ. ಇಲ್ಲಿ ಹನಮಪ್ಪನ ಗುಡಿ, ಅಲ್ಲಿ ದರ್ಗಾ. ಈಗ ಎಲ್ಲಾರೂ ನಿಮ್ಮ ನಿಮ್ಮ ಮನಿ ಎಲ್ಲಿ ಇತ್ತೋ ಅಲ್ಲಿ ಹೋಗಿ ಕುಂಡ್ರಿ. ಹಳೀ ಮನಿ.”

ಮೊದಲು ನಕ್ಕರು. “ಅಕ್ಕೋರು ಮತ್ತ ಸಾಲಿ ಚಾಲೂ ಮಾಡಿದ್ರು” ಎಂದು ಹುಚ್ಚಪ್ಪ ಚೇಷ್ಟೆ ಮಾಡಿದ. ಆಮೇಲೆ ಒಬ್ಬೊಬ್ಬರೇ ಎದ್ದು ಜಾಗ ಹುಡುಕತೊಡಗಿದರು. “ನೀ ಸರಿ, ನಮ್ಮ ಕಟ್ಟಿ ಇನ್ನೂ ಮುಂದ ಇತ್ತು” ಎಂದು ಸಾವಂತ್ರೆವ್ವ ಜಗಳ ತೆಗೆದಳು. “ನಿಮ್ಮ ಕಟ್ಟಿ ಮುಂದ ಬಂದಿದ್ದಕ್ಕ ನಮ್ಮ ಬಂಡಿ ತಿರುಗ್ತಿದ್ದಿಲ್ಲ, ಇವತ್ತರೆ ಹಿಂದ ಸರಿ” ಎಂದು ಹುಚ್ಚಪ್ಪ ಸೇಡು ತೀರಿಸಿಕೊಂಡ. ಕೂತವನು ಏನೋ ನೆನೆದು ಮತ್ತೆ ಎದ್ದು ಅತ್ತ ಸರಿದ. ಬೇವಿನ ಗಿಡಕ್ಕೆ ಜಾಗ ಬಿಡಬೇಕಲ್ಲ ಎಂದ. ಸತ್ತವರ ಮನೆ, ಊರು ಬಿಟ್ಟವರ ಮನೆ ಖಾಲಿ ಉಳಿದವು. ಆ ಖಾಲಿ ಜಾಗಗಳಲ್ಲಿ ಯಾರೂ ಕೂಡಲಿಲ್ಲ, ಕೂಡಬೇಡಿ ಎಂದು ಯಾರೂ ಹೇಳಲೂ ಇಲ್ಲ.

ಸ್ವಲ್ಪ ಹೊತ್ತಿಗೆ ಗದ್ದಲ ತಾನಾಗಿ ನಿಂತಿತು. ನಾನು ಸುತ್ತ ನೋಡಿದೆ. ನಮ್ಮ ಓಣಿ ಕೂತಿತ್ತು. ತಿರುವು, ಕಟ್ಟೆ, ಸಂದಿ, ಎಲ್ಲ ಇದ್ದಲ್ಲೇ ಇದ್ದವು. ಸಾವಂತ್ರೆವ್ವ ಸೆರಗು ಬಾಯಿಗೆ ಹಚ್ಚಿ ಅಳುತ್ತಿದ್ದಳು. ನನಗೂ ಕಣ್ಣು ಮಂಜಾಯಿತು. ಅಲ್ಮಾಸಬಿ ಕುಂಟುತ್ತ ಬಂದು, ಬೆನ್ನಿಗೆ ಬೆನ್ನು ತಾಗುವಷ್ಟು ಹತ್ತಿರ ಕೂತಳು. ನಾನು ಅವಳ ಜೊತೆ ಮಾತು ಬಿಟ್ಟಿದ್ದೆ, ಕೊಡ ಇಳಿಸಿ ಕದ ಬಡಿದು ಬೈಯದೇ ಬರುತ್ತಿದ್ದೆ. ಆದರೂ ಸರಿಯಲಿಲ್ಲ.

ಹರ್ಷಾ ನಡುವೆ ನಿಂತು, “ನಿಮ್ಮ ಮನೀದು ಬ್ಯಾಡ್ರಿ, ಬಾಜೂ ಮನೀದು ಹೇಳ್ರಿ” ಎಂದಳು.

ಹುಚ್ಚಪ್ಪನೇ ಮೊದಲು ಎದ್ದ. “ಈ ಸಾವಂತ್ರೆವ್ವನ ಮನ್ಯಾಗ ಬ್ಯಾಳಿ ಬೇಯಂಗಿಲ್ರಿ. ಸವಳ ನೀರು. ದಿನಾ ಖಾರಾ ರೊಟ್ಟಿ ತಿಂದು ಮಲಗ್ತಾಳ.”

“ಏ ಭಾಡ್ಯಾ, ಇನ್ನೂ ನನ್ನ ಅಡಗಿ ಮನ್ಯಾಗ ಹಣಿಕಿ ಹಾಕೂದು ಬಿಟ್ಟಿಲ್ಲೇನ ನೀ?” ಎಂದು ಸಾವಂತ್ರೆವ್ವ ಹೌಹಾರಿದಳು. “ಹೇಳತೀನಿ ತಡಿ ನಿಂದೂ. ಈತನ ಮೊಮ್ಮಗಳ ಹಲ್ಲು ನೋಡ್ರಿ ಬಾಯಾರ. ಬೋರಿನ ನೀರು ಕುಡದು ಕಂದು ತಿರುಗ್ಯಾವ. ಕೂಸು ಬಾಯಿಗೆ ಕೈ ಮುಚ್ಚಿಕೊಂಡು ನಗತೈತಿ.”

ಹುಚ್ಚಪ್ಪ ತಲೆ ತಗ್ಗಿಸಿದ. ಅವನ ಮೀಸೆ ನಡುಗುವುದನ್ನು ನಾನು ಮೊದಲ ಸಲ ನೋಡಿದೆ. ಅಲ್ಲಿಂದ ಮುಂದೆ ಯಾರನ್ನೂ ತಡೆಯಲಾಗಲಿಲ್ಲ. ಯಾರ ಸೊಸೆ ಕೊಡ ಹೊತ್ತು ಏರಿನಲ್ಲಿ ಬಿದ್ದಳು, ಯಾರು ನೀರಿನ ಸಲುವಾಗಿ ಎಮ್ಮೆ ಮಾರಿದರು, ಎಲ್ಲ ಹೊರಗೆ ಬಂತು. ಬೈಯುತ್ತ, ನಗುತ್ತ, ಅಳುತ್ತ ಒಬ್ಬರು ಇನ್ನೊಬ್ಬರ ಸಂಕಟ ಹೇಳಿದರು. ಆರು ವರ್ಷ ಸಿಮೆಂಟಿನ ಗೋಡೆಯೊಳಗೆ ಮುಚ್ಚಿಟ್ಟದ್ದು ಯಾವುದೂ ಮುಚ್ಚಿರಲಿಲ್ಲ. ಹಳೆಯ ಬಾಜೂದವರಿಗೆ ಎಲ್ಲವೂ ಗೊತ್ತಿತ್ತು.

ನನ್ನ ಪಾಳಿ ಬಂತು. ಅಲ್ಮಾಸಬಿಯ ಮೊಣಕಾಲಿನ ಸುದ್ದಿ ಹೇಳಿದೆ. “ಈಕಿ ಬಾಗಲಕ್ಕ ನಳ ಬಂದ್ರ ಈಕಿ ಊರು ಬಿಡೂದಿಲ್ಲ, ಅಷ್ಟ ನನ್ನ ಮಾತು” ಎಂದು ಕೂತೆ.

ಅಲ್ಮಾಸಬಿ ಏಳಲಿಲ್ಲ. ಕೂತಲ್ಲಿಂದಲೇ, ಬೆನ್ನು ನನ್ನ ಕಡೆಗಿದ್ದಂತೆಯೇ ಹೇಳಿದಳು.

“ನಮ್ಮ ಬಾಜೂಕ ಯಮುನಾನ ಮನಿ. ಆಕಿ ಬೆನ್ನು ಹೋಗೈತ್ರಿ. ನಸುಕಿನ್ಯಾಗ ಕೊಡ ತಂದು ನಮ್ಮ ಕಟ್ಟಿ ಮ್ಯಾಲೆ ಇಳಸ್ತಾಳ. ಇಳಿಸಿ, ಗ್ವಾಡಿ ಹಿಡಕೊಂಡು ನಿಂದರ್ತಾಳ. ಉಸರು ಸಮಾ ಆಗೂ ತನಕ ಕದಾ ಬಡಿಯಂಗಿಲ್ಲ, ನನಗ ತಿಳೀಬಾರದು ಅಂತ. ನಾ ಕದದ ಹಿಂದ ನಿಂತಿರ್ತೀನಿ. ತರಬ್ಯಾಡ ಅಂದ್ರ ಕೇಳೂ ಹೆಣಮಗಳಲ್ಲ ಅದು. ನಾ ಇಲ್ಲಿ ಇರೂ ತನಕ ತರ್ತಾಳ. ಅದಕ್ಕ ನಾ ಹೊಂಟಿದ್ದು. ನನ್ನ ಮೊಣಕಾಲಿಂದು ಏನೂ ಇಲ್ರಿ.”

ಒಂದು ನಳದ ಸಲುವಾಗಿ ಹೊರಟಳು ಎಂದು ಇಷ್ಟು ದಿನ ಅವಳ ಮಾರಿ ನೋಡಿರಲಿಲ್ಲ ನಾನು. ಹರ್ಷಾ ಬೇರೆ ಕಡೆ ತಿರುಗಿ ಕಣ್ಣು ಒರೆಸಿಕೊಂಡಳು. ಹೋಗುವ ಮೊದಲು ಅವಳು ಅಲ್ಲಿಂದಲೇ ಮೇಲಿನವರಿಗೆ ಫೋನು ಮಾಡಿ, ಬಹಳ ಹೊತ್ತು ವಾದ ಮಾಡಿ, ಒಪ್ಪಿಸಿದಳು. ಪೈಪು ಬರುತ್ತದೆ, ಸಾಲುಸಾಲಿಗೂ ನಳ ಬರುತ್ತದೆ. ಆದರೆ ಕೆಲಸ ಮುಗಿಯುವ ಹೊತ್ತಿಗೆ ಮುಂದಿನ ಬೇಸಿಗೆಯಾಗುತ್ತದೆ ಎಂದಳು. ಮಂದಿ ಚಪ್ಪಾಳೆ ಹೊಡೆದರು.

ನಾನು ಹೊಡೆಯಲಿಲ್ಲ. ಮುಂದಿನ ಬೇಸಿಗೆ ಎಂದರೆ ನಡುವೆ ಒಂದು ವರ್ಷ. ಅಷ್ಟರಲ್ಲಿ ಇಜಾಜನ ಟೆಂಪೋ ಬಂದು ಕೊನೆಯ ಸಾಲಿನಲ್ಲಿ ನಿಂತಿತ್ತು.

ನಾನು ಅಲ್ಮಾಸಬಿಯ ಹಿಂದೆಯೇ ಅವಳ ಮನೆಗೆ ಹೋದೆ. ಇಜಾಜ ಟ್ರಂಕು ಎತ್ತಿ ಹೊರಗೆ ತರುತ್ತಿದ್ದ.

“ಮುಂದಿನ ಬ್ಯಾಸಗೀಗೆ ನಳ ಬಂದ ಮ್ಯಾಲೆ ಬರ್ತೀನಿ” ಎಂದಳು ಅಲ್ಮಾಸಬಿ. “ಅಲ್ಲೀ ತನಕ ನಿನ್ನ ಬೆನ್ನಿಗೆ ಆರಾಮ.”

“ಏನ್ ಆರಾಮ? ಯಾರ ಕೇಳಿದ್ರು ಆರಾಮ?” ಎಂದೆ. “ನೀ ಹೋದ್ರ ನಸುಕಿನ್ಯಾಗ ಎದ್ದು ಯಾರ ಕದಾ ಬಡೀಲಿ ನಾ? ಯಾರನ್ನ ಬೈಲಿ? ಹೇಳು!”

ಅವಳು ಅಳತೊಡಗಿದಳು. “ಮತ್ತೇನ್ ಮಾಡಲೇ ಯಮುನಾ? ನಿನ್ನ ಉಸರು ಕೇಳಿಕೊಂಡು ಕದದ ಹಿಂದ ನಿಂದರಾಕ ಆಗವಲ್ದು ನನಗ.”

ನಾನು ಕಟ್ಟೆಯ ಮೇಲೆ ಕುಕ್ಕರಿಸಿದೆ. ಬೆನ್ನು ನಿಜವಾಗಿಯೂ ನೋಯುತ್ತಿತ್ತು. ಮಕ್ಕಳಿಗೆ ಲೆಕ್ಕ ಕಲಿಸಿದವಳಿಗೆ ಇಷ್ಟು ದಿನ ಈ ಲೆಕ್ಕ ಹೊಳೆಯಲಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

“ಎರಡು ಮನ್ಯಾಗ ಎರಡು ಒಲಿ ಅದಾವಂತ ಎರಡು ಕೊಡ ಬೇಕು” ಎಂದೆ. “ಒಂದ ಮನಿ, ಒಂದ ಒಲಿ ಆದ್ರ ಇಬ್ಬರು ಮುದುಕೇರಿಗೆ ಒಂದ ಕೊಡ ಸಾಕು. ಅದನ್ನ ನಾ ನನ್ನ ಸಲುವಾಗಿ ಹೆಂಗೂ ತರಬೇಕು.”

ಅವಳು ಅಳು ನಿಲ್ಲಿಸಿ ನನ್ನನ್ನೇ ನೋಡಿದಳು. “ನಿಮ್ಮ ಅತ್ತಿ ಮ್ಯಾಲಿಂದ ನೋಡಿದ್ರ?”

“ನೋಡ್ಲಿ. ಬೇಕಾದ್ರ ಇಳದ ಬಂದು ಒಂದು ಕೊಡ ನೀರು ತಂದ ಕೊಡ್ಲಿ.”

ಅಲ್ಮಾಸಬಿ ನಕ್ಕಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಇಜಾಜ ಟ್ರಂಕು ಹೊತ್ತುಕೊಂಡು ನಿಂತೇ ಇದ್ದ, ಚಿಕ್ಕಂದಿನಲ್ಲಿ ಪಾಟಿ ಹಿಡಿದು ನಿಲ್ಲುತ್ತಿದ್ದನಲ್ಲ, ಹಾಗೇ. “ಅಕ್ಕೋರ, ಇದನ್ನ ಎಲ್ಲಿ ಇಡ್ಲಿ?” ಎಂದ.

“ನಮ್ಮನಿಗೆ ತಾ.”

ಟೆಂಪೋ ಗದಗಿನ ರಸ್ತೆ ಹಿಡಿಯಲಿಲ್ಲ. ಕೊನೆಯ ಸಾಲಿನಿಂದ ಮೊದಲ ಸಾಲಿಗೆ ಬಂದು ನಿಂತಿತು. ಅಲ್ಮಾಸಬಿ ನನ್ನ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆಲ್ಲ ಒಂದು ಸಲ ಕಣ್ಣಾಡಿಸಿದಳು.

“ನಮಾಜಿಗೆ ಯಾವ ಮೂಲಿ ಹಿಡೀಲಿ?”

“ದೇವರ ಮನಿ ಒಂದು ಬಿಟ್ಟು ಯಾವುದರೆ ಹಿಡಿ, ಜಲ್ದಿ ಹಿಡಿ. ನಾ ಚಹಾಕ್ಕ ಇಡ್ತೀನಿ.”